ಮೈ ತಿಕ್ಕಬ್ಯಾಡ್ರಿ, ಶ್ರುತಿ ನೋಡ್ರಿ!

ಗಡಹಿಂಗ್ಲಜದ ಹಳೆಯ ಮನೆಯೊಂದರ ಅಟ್ಟದಲ್ಲಿ ವಾಸ. ಕಪ್ಪು ಮೈ, ದುಂಡು ಮುಖ, ತೊಂಬತ್ತರ ಆಸುಪಾಸಿನ ವಯಸ್ಸು. ಹೊಟ್ಟೆಯೊಳಗಿರುವುದು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿ. ಮನೆಯ ಮೊಮ್ಮಗ ಈ ಗ್ರಾಮಫೋನ್ ಪ್ಲೇಟನ್ನು ಇಚಲಕರಂಜಿಯ ತನ್ನ ಕೋಣೆಗೆ ಒಯ್ದು, ಕಂಪ್ಯೂಟರಿಗೆ ಏರಿಸಿ, ‘ರೀಮಾಸ್ಟರ್’ ಮಾಡಿ, ನೆಂಟರಿಷ್ಟರಿಗೆಲ್ಲ ವಾಟ್ಸ್ಯಾಪಿನಲ್ಲಿ ಹಂಚಿದ್ದಾನೆ. ಅಂದಿನಿಂದ ಪ್ಲೇಟಜ್ಜ ಮುನಿಸಿಕೊಂಡಿದ್ದಾರೆಂಬ ಸುದ್ದಿ ತಿಳಿದು ಮಾತನಾಡಿಸಲು ಹೋದೆವು.

ಆರೋಗ್ಯ ಹೇಗಿದೆ ಅಜ್ಜಾ?

ಉಳದೀನಿ ಅನ್ನೂದಽ ದೊಡ್ಡದು ತಮ್ಮಾ. ಇಂವ ಮೊದ್ಲ ಕೈಗೆ ಹಚ್ಚೂ ಸ್ಯಾನಿಟೈಜರ್ ತಗೊಂಡು ನನ್ನ ಒರಸಾಕ ಬಂದಿದ್ದ. ನಾ ಅರಗಿನ ಮಗಾ. ಸ್ಪಿರಿಟ್ ಬಿದ್ರ ಹಾಡೂ ಇಲ್ಲ, ಪಾಡೂ ಇಲ್ಲ, ಕರಗಿ ಹೋಗ್ತೀನಿ. ಅರಗಿನ ಮನಿಯಿಂದ ಪಾಂಡವರು ಸುರಂಗ ಹಿಡದು ಪಾರಾದ್ರು. ನನ್ನ ಮೈಮ್ಯಾಲ ಇರೂದು ಬರೇ ಗೀರು, ಅದೂ ಸುತ್ತಿ ಸುತ್ತಿ ಒಳಗಽ ಹೋಗ್ತೈತಿ!

ನಿಮ್ಮ ಮೇಲಿರುವ ದೊಡ್ಡ ದೂರು ಆ ಸರಸರ ಸದ್ದಿನದು.

ಅದು ನಾ ಮುದುಕಾದ್ದಕ್ಕ ಬಂದದ್ದಲ್ಲ, ಹುಟ್ಟಗುಣ. ಅರಗಿನ ಕೂಡ ಕಲ್ಲಿನ ಪುಡಿ, ಕಾಡಿಗಿ ಕಲಸಿ ನನ್ನ ಒತ್ಯಾರ. ಉಕ್ಕಿನ ಸೂಜಿ ಸವದು ಗೀರಿಗೆ ಹೊಂದಿಕೊಳ್ಳಲಿ ಅಂತ ಬೇಕಂತಽ ಹಾಕಿದ್ದ ಪುಡಿ ಅದು. ಸೂಜಿ ಅದರ ಮ್ಯಾಲ ತಿಕ್ಕಿದಾಗ ಸರಸರ ಅನ್ನಽಬೇಕು. ಒಂದ್ ಮಗ್ಗಲಕ್ಕ ಒಂದು ಹೊಸಾ ಸೂಜಿ, ಅದು ಕಾಯಿದೆ. ಈ ಮನಿ ಮುತ್ಯಾ ಭಾರಿ ಜಿಪುಣ. ಒಂದಽ ಸೂಜೀಲೆ ಇಡೀ ಮದುವಿ ಎಳೀತಿದ್ದ. ಸೂಜಿ ಮ್ಯಾಲ ನೂರು ಗ್ರಾಂಗೂ ಹೆಚ್ಚು ಭಾರ. ಅಕ್ಕಿಕಾಳು ಬೀಳೂದ್ರಾಗ ನನ್ನ ಚರ್ಮ ಸುಲದಿರ್ತಿತ್ತು.

ಹಾಗಾದರೆ ಮೊಮ್ಮಗನದೇನು ತಪ್ಪು?

ಅಂವ ಎಲ್‌ಪಿ ಸೂಜಿ ಇಟ್ಟ. ಅದರ ತುದಿ 25 ಮೈಕ್ರಾನ್ ಸುಮಾರು, ನನಗ ಬೇಕಾದ್ದು 75. ಹಾಡು ಇರೂದು ಗೀರಿನ ಎರಡೂ ಗ್ವಾಡಿ ಮ್ಯಾಲ. ಸಣ್ಣ ಸೂಜಿ ಸೀದಾ ತಳಕ್ಕ ಇಳದು ಅಲ್ಲಿ ಕುಂತಿದ್ದ ಧೂಳಿನ ಸಂದರ್ಶನ ತಗೊಂತು. ಬಲ್ಲವರು ಏನ್ ಮಾಡ್ತಾರ ಗೊತ್ತೇನು? ಬ್ಯಾರೆ ಬ್ಯಾರೆ ದಪ್ಪದ ಸೂಜಿ ಇಟ್ಟು, ಮುತ್ಯಾನ ಸೂಜಿ ಸವಸದಽ ಬಿಟ್ಟ ಜಾಗಾ ಹುಡಕ್ತಾರ. ಅರ್ಧಾ ಗದ್ದಲ ಅಲ್ಲೇ ಇಳೀತೈತಿ.

ಉಳಿದರ್ಧವನ್ನು ಸಾಫ್ಟ್‌ವೇರ್ ತೆಗೆದಿದೆಯಲ್ಲ?

ತಗದೈತಿ, ಮೈತುಂಬ ತಗದೈತಿ. ಹಾಡು ಶುರು ಆಗೂಕಿಂತ ಮೊದ್ಲ ಖಾಲಿ ಗೀರು ಇರ್ತೈತಲ್ಲ, ಆ ಸದ್ದು ತೋರಿಸಿ ‘ಇಂವಽ ಕಳ್ಳ, ಎಲ್ಲಿ ಕಂಡ್ರೂ ಹಿಡಿ’ ಅಂದ. ಸಾಫ್ಟ್‌ವೇರ್ ನಿಷ್ಠಾವಂತ ಪೊಲೀಸ. ಖಾನ್ ಸಾಹೇಬರು ಉಸಿರು ತಗೊಂಡ್ರು, ಹಿಡೀತು. ತಂಬೂರಿ ಮಂದಕ ಗುಂಯ್ ಅಂತು, ಹಿಡೀತು. ಸಾರಂಗಿ ಕಮಾನು ತಂತಿಗೆ ಸವರಿತು, ಅದನ್ನೂ ಒಳಗ ಹಾಕ್ತು. ಮಿರಜದಾಗ ತಂಬೂರಿ ಮಾಡವ್ರು ಕುದುರಿ ಮ್ಯಾಲ ಒಂದೆಳಿ ನೂಲು ಸರಸಿ ಸರಸಿ ಜವಾರಿ ಅನ್ನೂ ಗುಂಜಾರವ ಹುಟ್ಟಸ್ತಾರ. ಇಂವ ಒಂದ್ ಕ್ಲಿಕ್ಕಿನ್ಯಾಗ ಅಳಸಿ ಒಗದ. ಈಗ ಕೇಳು, ಖಾನ್ ಸಾಹೇಬರು ರಂಕಾಳ ಕೆರಿಯೊಳಗ ಮುಳುಗಿ ಹಾಡಿದಂಗ ಕೇಳಸ್ತೈತಿ.

ಆದರೂ ಹಿನ್ನೆಲೆ ಈಗ ಪೂರ್ತಿ ನಿಶ್ಶಬ್ದವಂತೆ. ಅವನೇ ಹೇಳಿದ.

ಇಚಲಕರಂಜಿಯೊಳಗ ನಿಶ್ಶಬ್ದ! 1904ರಿಂದ ಆ ಊರಾಗ ಪಾವರ್‌ಲೂಮ್ ಬಡಕೋತಾವ. ಖಟಾಖಟ್ ಖಟಾಖಟ್ ನಡುವ ಕುಂತು ನನ್ನ ಸರಸರ ಕಿವಿಗೆ ಚುಚ್ಚತೈತಿ ಅಂತಾನ. ಬಾಳಕೃಷ್ಣಬುವಾ ಇಚಲಕರಂಜೀಕರ ಅದಽ ಊರಾಗ ಇದ್ದವ್ರು, ವಿಷ್ಣು ದಿಗಂಬರ ಪಲುಸ್ಕರರ ಗುರುಗಳು. ಅವ್ರ ಕಾಲಕ್ಕ ನಾಯ್ಸ್ ರಿಡಕ್ಷನ್ ಅಂದ್ರ ಗುರುಗಳು ಕಣ್ಣು ತಗದು ಸಭಾದ ಕಡೆ ನೋಡೂದು, ಅಷ್ಟಽ.

ಹೊಸ ಪ್ರತಿ ಕೇಳಿದವರು ಖಾನ್ ಸಾಹೇಬರ ದನಿ ಬಹಳ ತೆಳು ಎನ್ನುತ್ತಿದ್ದಾರೆ.

ಅಲ್ಲಿ ಐತಿ ಖರೇ ಅನ್ಯಾಯ! ಅವ್ರದು ಮೊದಲಽ ಎತ್ತರದ ದನಿ. 78 ಅನ್ನೂದು ಮಾರಾಟದ ಮಾತು. ಆ ಕಾಲದ ಪ್ಲೇಟ್ 74ರಾಗೂ ಕೆತ್ತಿರ್ತಿದ್ರು, 80ರಾಗೂ. 74ರಾಗ ಕೆತ್ತಿದ್ದನ್ನ 78ರಾಗ ತಿರಗಿಸಿದ್ರ ಹೆಚ್ಚುಕಡಿಮಿ ಅರ್ಧ ಸ್ವರ ಏರತೈತಿ. ಪೇಟಿಯ ಕರಿ ಎರಡರಾಗ ಹಾಡಿದಾವ ಬಿಳಿ ಮೂರಕ್ಕ ಹೋಗಿ ಕೂಡತಾನ. ಲಯನೂ ಓಡತೈತಿ. ಠುಮ್ರಿಯ ವಿರಹಿಣಿ ಕಡೀ ಎಸ್.ಟಿ. ಬಸ್ಸು ತಪ್ಪಿಸಿಕೊಂಡಾಕಿಯಂಗ ಗಡಬಡಸ್ತಾಳ. ಇದನ್ನ ತಿದ್ದಾಕ ಸಾಫ್ಟ್‌ವೇರ್ ಸಾಲೂದಿಲ್ಲ. ಗಾಯಕರು ಯಾವ ಪಟ್ಟಿಯೊಳಗ ಹಾಡ್ತಿದ್ರು ಅಂತ ಬಲ್ಲ ಕಿವಿ ಬೇಕು.

ಇದು ನಮ್ಮಲ್ಲಿ ಮಾತ್ರದ ಕತೆಯೋ?

ಇಡೀ ಜಗತ್ತಿಂದು. ಭೋಂಗಾದೊಳಗ ಹಾಡಿ ರೆಕಾರ್ಡ್ ಮಾಡೂ ಕಾಲಕ್ಕ ಆರ್ಕೆಸ್ಟ್ರಾದ ಪಿಟೀಲಿನ ದನಿ ಸಾಲದಽ ಅದಕ್ಕೊಂದು ಕಹಳಿ ಕಟ್ಟಿದ್ರು. ಡಬಲ್ ಬಾಸ್ ಬ್ಯಾಡ ಅಂತ ಟ್ಯೂಬಾ ಊದಿಸಿದ್ರು. 1913ರಾಗ ಆರ್ಕೆಸ್ಟ್ರಾ ನಡಸೂ ನಿಕಿಶ್ ಸಾಹೇಬರು ಬರ್ಲಿನ್ ಫಿಲ್ಹಾರ್ಮೋನಿಕ್ ಕೂಡ ಬೀಥೋವನ್ನನ ಐದನೇ ಸಿಂಫನಿ ಅಂಥಾ ಇಕ್ಕಟ್ಟಿನಾಗಽ ಮುಗಿಸಿದ್ರು. ಇನ್ನ ಕರೂಸೋ ಅಂತ ಇಟಲಿ ಗಾಯಕ. ಅಂವ ತೀರಿದ್ದು 1921ರಾಗ. ಹಳೇ ಆರ್ಕೆಸ್ಟ್ರಾ ಚಲೋ ಕೇಳಸೂದಿಲ್ಲಂತ 1930ರ ದಶಕದಾಗ ಅವನ ದನಿ ಹಿಂದ ಹೊಸಾ ಆರ್ಕೆಸ್ಟ್ರಾ ಕೂಡಿಸಿದ್ರು. 2000ದ ಹೊತ್ತಿಗೆ ವಿಯೆನ್ನಾದಾಗ ಮತ್ತೊಂದು. ಸತ್ತಾವ ತಾಳ ಬಿಟ್ರ ಯಾರ್ ಕೇಳಬೇಕು? ಬದುಕಿದ್ದವ್ರಽ ಅವನ ಬೆನ್ನ ಹತ್ತಿ ಓಡಬೇಕು.

ಅಂದರೆ ನಿಮ್ಮನ್ನು ಮುಟ್ಟಲೇಬಾರದು?

ಹಂಗ ಅಂದ್ನೇನು? ನಾ ಒಂದ್ ಸಲ ಕೈ ಜಾರಿದ್ರ ಎರಡು ತುಂಡು. ಅದಕ್ಕ ಮೊದ್ಲ ಸರಿಯಾದ ಸೂಜಿ, ಸರಿಯಾದ ವೇಗ ಇಟ್ಟು ಇದ್ದದ್ದು ಇದ್ದಂಗ ಒಂದು ಪ್ರತಿ ತಗದು ಕಾಯಂ ಇಡ್ರಿ. ಆಮ್ಯಾಲ ಅದರ ನಕಲಿನ ಮ್ಯಾಲ ಚಟ್ ಪಟ್ ಅನ್ನೂದಷ್ಟು ಆರಸಿ ತಗೀರಿ, ಸರಸರ ಸ್ವಲ್ಪ ಇಳಸ್ರಿ, ಅಲ್ಲಿಗೆ ಕೈ ತೊಳಕೊಳ್ರಿ. ಗದಗಿನ ಹುಡುಗ ಭೀಮಸೇನ ಜೋಶಿ ಇದಽ ಠುಮ್ರಿ ಪ್ಲೇಟಿನಾಗ ಕೇಳಿ ಹುಚ್ಚ ಹಿಡಿಸಿಕೊಂಡ. 1933ರಾಗ ಹನ್ನೊಂದು ವರ್ಷಕ್ಕ ಗುರುವಿನ ಹುಡುಕ್ಕೋತ ಮನಿ ಬಿಟ್ಟ. ಕಡೀಕ ಕುಂದಗೋಳಕ್ಕ, ಖಾನ್ ಸಾಹೇಬರ ಶಿಷ್ಯ ಸವಾಯಿ ಗಂಧರ್ವರ ಹತ್ರ ಬಂದ. ಸರಸರ ಅವನ ಅಡ್ಡ ಬಂತೇನು? ಇಂವನ ಸ್ವಚ್ಛ ಪ್ರತಿ ಕೇಳಿ ಯಾರಾರ ಮನಿ ಬಿಟ್ಟಿದ್ರ ಹೇಳು. ಗ್ರೂಪ್ ಬಿಟ್ಟಾರ ಅಂತ ಸುದ್ದಿ.

ಕೊಲ್ಹಾಪುರದ ಅಲ್ಲಾದಿಯಾ ಖಾನರಿಗೆ ನಿಮ್ಮಂಥ ಪ್ಲೇಟುಗಳ ಸಹವಾಸವೇ ಬೇಡವಾಗಿತ್ತಂತೆ.

ಶಾಣ್ಯಾ ಮನಶ್ಯಾ. ಶಾಹೂ ಮಹಾರಾಜರ ದರ್ಬಾರಿನ ಗವಾಯಿ. ಜೈಪುರ-ಅತ್ರೌಲಿ ಗಾಯಕೀನ ನನ್ನ ಮೂರು ಚಿಲ್ಲರ ನಿಮಿಷದಾಗ ತುರುಕಾಕ ಒಪ್ಪಲಿಲ್ಲ. ತಮ್ಮ ಮಕ್ಕಳು ಮಂಜಿ ಖಾನ, ಭೂರ್ಜಿ ಖಾನರ ಕಂಠದಾಗ ಇಟ್ಟು ಹೋದ್ರು. ಅವ್ರಿಬ್ಬರ ಹತ್ರ ಕಲತು ನಮ್ಮ ಮಲ್ಲಿಕಾರ್ಜುನ ಮನ್ಸೂರರು ಅದನ್ನ ಧಾರವಾಡಕ್ಕ ತಂದ್ರು. ಕಂಠದಿಂದ ಕಂಠಕ್ಕ ಹೋಗೂವಾಗ ಏನ್ ಉಳಸಬೇಕು, ಏನ್ ಬಿಡಬೇಕು ಅಂತ ಗುರು ಪಕ್ಕದಾಗ ಕುಂತು ಬೈತಿದ್ದ. ರೀಮಾಸ್ಟರ್ ಅನ್ನೂದ್ರಾಗ ‘ಮಾಸ್ಟರ್’ ಇದ್ದದ್ದು ಅಲ್ಲೇ. ಇಂವನ ಪಕ್ಕದಾಗ ಬೈಯಾಕ ಯಾರೂ ಇಲ್ಲ.

ನಿಮಗೆ ಯಾರ ಮೇಲಾದರೂ ಹೊಟ್ಟೆಕಿಚ್ಚು?

ಕೇಸರಬಾಯಿ ಕೇರಕರರ ಭೈರವಿ ಮ್ಯಾಲ. ಆಕೀನೂ ಅಲ್ಲಾದಿಯಾ ಖಾನರ ಶಿಷ್ಯೆಽ. 1977ರಾಗ ವಾಯೇಜರ್ ಬಾಹ್ಯಾಕಾಶ ನೌಕೆಯ ಮ್ಯಾಲ ಬಂಗಾರದ ಲೇಪದ ತಾಮ್ರದ ಪ್ಲೇಟಿನ್ಯಾಗ ಕುಂತು ಹೋದಳು. 2012ಕ್ಕ ಸೂರ್ಯನ ಗಾಳಿಯ ಗಡಿನೂ ದಾಟಿದಳು. ಇಲ್ಲಿ ನಮ್ಮ ಗಡಿ ತಂಟೆ ಇನ್ನೂ ಕೋರ್ಟಿನಾಗ ಐತಿ! ಅಲ್ಲಿ ಧೂಳಿಲ್ಲ, ಸ್ಯಾನಿಟೈಜರ್ ಇಲ್ಲ, ಮೊಮ್ಮಗ ಇಲ್ಲ.

ಕೊನೆಯದಾಗಿ ಓದುಗರಿಗೆ ಒಂದು ಮಾತು?

ಮೂರು ನಿಮಿಷ ಆಗಿಹೋತು ತಮ್ಮಾ, ಈ ಮಗ್ಗಲ ಇಷ್ಟಽ. ಹೆಚ್ಚಿಗಿ ಬೇಕಂದ್ರ ಹೊರಳಿಸಿ ಹಾಕು. ಸೂಜಿ ಮಾತ್ರ ಹೊಸಾದು ಇಡು, ಮುತ್ಯಾನ ಚಾಳಿ ಬ್ಯಾಡ.