ಚುಕ್ಕಿ ನೋಟಿನ ಚಟ

“ಮಾಸ್ತರ, ಅದು ನೋಟು ಐತ್ರಿ, ಪೇಪರ್ ಅಲ್ಲ. ಓದೂದು ಮುಗದಿದ್ರ ಮುಂದ ಸರೀರಿ,” ಎಂದು ನೇಸರಗಿಯಿಂದ ಬೈಲಹೊಂಗಲಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಒಮ್ಮೆ ಅಂದ. ಅವನದೇನೂ ತಪ್ಪಿಲ್ಲ. ಚಿಲ್ಲರೆ ಅಂತ ಕೊಟ್ಟ ಹತ್ತರ ನಾಲ್ಕು ನೋಟುಗಳನ್ನು ನಾನು ಕನ್ನಡಕ ಹಣೆಗೇರಿಸಿ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಒಂದೊಂದಾಗಿ ನೋಡುತ್ತ ಬಾಗಿಲಿಗೆ ಅಡ್ಡ ನಿಂತಿದ್ದೆ. ಮಂದಿ ನೋಟು ಖರೇನೋ ಖೊಟ್ಟಿಯೋ ಅಂತ ನೋಡುತ್ತಾರೆ. ನಾನು ನಂಬರಿನಲ್ಲಿ ಚುಕ್ಕಿ ಇದೆಯೋ ಇಲ್ಲವೋ ನೋಡುತ್ತೇನೆ.

ನೋಟಿನ ನಂಬರು ಮೊದಲ ಮೂರು ಅಂಕಿ-ಅಕ್ಷರಗಳಿಂದ ಶುರುವಾಗಿ ಆಮೇಲೆ ಆರು ಅಂಕಿಗಳಿಗೆ ಮುಗಿಯುತ್ತದೆ. ಇವೆರಡರ ನಡುವೆ ಅಪರೂಪಕ್ಕೊಮ್ಮೆ ಸಣ್ಣದೊಂದು ಚುಕ್ಕಿ, ಅಂದರೆ ನಕ್ಷತ್ರದ ಗುರುತು, ಕೂತಿರುತ್ತದೆ. ಅದು ಬದಲಿ ನೋಟು. ಮುದ್ರಣಾಲಯದಲ್ಲಿ ನೂರರ ಕಟ್ಟು ಕಟ್ಟುವ ಮೊದಲು ಅಚ್ಚು ಕೆಟ್ಟದ್ದನ್ನು ತೆಗೆದುಹಾಕುತ್ತಾರೆ. ತೆಗೆದ ಜಾಗಕ್ಕೆ ಇದನ್ನು ತಂದು ಸೇರಿಸುತ್ತಾರೆ. 2006ರ ಆಗಸ್ಟ್‌ವರೆಗೆ ಹೀಗಿರಲಿಲ್ಲ. ಕಟ್ಟಿನೊಳಗೆ ನಂಬರಿನ ಸಾಲು ತಪ್ಪಬಾರದು ಅಂತ ಕೆಟ್ಟ ನೋಟಿನ ನಂಬರನ್ನೇ ಹೊಸ ನೋಟಿಗೆ ಹೊಡೆದು ಅದೇ ಜಾಗದಲ್ಲಿ ಇಡುತ್ತಿದ್ದರು. ಮೊಮ್ಮಗನಿಗೆ ಅಜ್ಜನ ಹೆಸರಿಡುತ್ತೇವಲ್ಲ, ಹಾಗೆ. ಆ ಒಂದೊಂದೇ ನಂಬರನ್ನು ಹುಡುಕಿ ಹೊಡೆಯುವ ಉಸಾಬರಿ ಯಾರಿಗೆ ಬೇಕು? ರಿಸರ್ವ್ ಬ್ಯಾಂಕಿನವರು ಮೊದಲು ಹತ್ತು, ಇಪ್ಪತ್ತು, ಐವತ್ತರ ನೋಟುಗಳಿಗೆ ಚುಕ್ಕಿ ತಂದರು. 2016ರಲ್ಲಿ ನೋಟು ರದ್ದಾದ ಮರುತಿಂಗಳು ಹೊಸ ಐನೂರಕ್ಕೂ ಬಂತು. ಅಮೆರಿಕದವರು ಈ ಯುಕ್ತಿ 1910ರಲ್ಲೇ ಕಂಡುಕೊಂಡಿದ್ದರಂತೆ. ನಮಗೆ ತೊಂಬತ್ತಾರು ವರ್ಷ ತಡವಾಯಿತು. ನಮ್ಮ ಬಸ್ಸಿನ ಲೆಕ್ಕದಲ್ಲಿ ಅದೇನು ಬಹಳ ಅಲ್ಲ.

ಊರೂರಿನ ಸಂಗ್ರಹಕಾರರಿಗೆ ಬೇಕಾದದ್ದು ಮಡಿಕೆ ಬೀಳದ, ಬ್ಯಾಂಕಿನಿಂದ ಈಗಷ್ಟೇ ಬಂದಂಥ ಗರಿಗರಿ ನೋಟು. ನಮ್ಮ ಕಡೆ ಅಂಥದ್ದನ್ನು ಕೇಳುವುದೇ ಅಧಿಕಪ್ರಸಂಗ. ಸವದತ್ತಿಯ ಯಲ್ಲಮ್ಮನ ಗುಡ್ಡ ಇಷ್ಟು ಹತ್ತಿರ ಇರುವಾಗ ಬಿಳಿ ಅಂಚಿನ ನೋಟು ಎಲ್ಲಿಂದ ಬರಬೇಕು? ಭಾರತ ಹುಣ್ಣಿಮೆ ಮುಗಿದ ಮೇಲಂತೂ ಕಿರಾಣಿ ಅಂಗಡಿಯ ಗಲ್ಲೆಯಲ್ಲಿ ಗಾಂಧೀಜಿಯ ಹಣೆಗೂ ಭಂಡಾರ ಹತ್ತಿರುತ್ತದೆ. ನನ್ನ ಹತ್ತರ ಚುಕ್ಕಿ ನೋಟುಗಳಲ್ಲಿ ಮೂರು ಅರಿಷಿಣ ಬಣ್ಣದವು. ಒಂದರ ಮೇಲೆ ಯಾರೋ ಹತ್ತಿ ತೂಕದ ಲೆಕ್ಕ ಬರೆದು, ತಪ್ಪು ಕೂಡಿಸಿ, ಹೊಡೆದುಹಾಕಿದ್ದಾರೆ. ಬೆಳಗಾವಿಯ ಒಬ್ಬ ಸಂಗ್ರಹಕಾರರಿಗೆ ತೋರಿಸಿದೆ. “ಇದಕ್ಕ ಹತ್ತ ರೂಪಾಯಿ ಬರ್ತಾವ್ರಿ,” ಅಂದರು. ಅದು ನನಗೂ ಗೊತ್ತಿತ್ತು.

ನೋಟು ತಿರುವಿ ಹಾಕುವ ಚಟದಿಂದ ಬೇರೆ ಜ್ಞಾನವೂ ಬರುತ್ತದೆ. ಹಿಂಬದಿಯಲ್ಲಿ ಹದಿನೈದು ಭಾಷೆಗಳ ಪಟ್ಟಿಯಿದೆ. ಮೇಲಿನಿಂದ ನಾಲ್ಕನೆಯದು ಕನ್ನಡ, ಎಂಟನೆಯದು ಮರಾಠಿ. ಭಾಷೆಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಜೋಡಿಸಿದ್ದಾರೆ, ಅಷ್ಟೇ ಸಂಗತಿ. ಆದರೂ ಬೆಳಗಾವಿ ಜಿಲ್ಲೆಯವನಾದ ನಾನು ಇದನ್ನು ಎಲ್ಲಿಯೂ ಜೋರಾಗಿ ಹೇಳುವುದಿಲ್ಲ.

ಬದಲಿ ನೋಟಿನ ಮೇಲೆ ಇಷ್ಟು ಮಮತೆ ಯಾಕೆ ಎಂದರೆ, ನಾನೂ ಬದಲಿಯವನೇ. ಹೆರಿಗೆ ರಜೆಗೆ ಹೋದ ಬಾಯಾರ ಜಾಗದಲ್ಲಿ ಮೊದಲ ಸಲ ತರಗತಿಗೆ ಹೋದೆ. ಹುಡುಗರು ಎದ್ದು ನಿಂತು ಅಭ್ಯಾಸಬಲದಿಂದ “ನಮಸ್ತೆ ಬಾಯಾರ” ಅಂದರು. ನಾನೂ ಅಭ್ಯಾಸಬಲದಿಂದ ಕೂಡ್ರಿ ಅಂದೆ. ನಾಲ್ಕು ತಿಂಗಳು ಹಾಜರಿ ಪುಸ್ತಕದ ಮೇಲೆ ಅವರದೇ ಹೆಸರಿತ್ತು, ಕೂಗುವ ದನಿ ಮಾತ್ರ ನನ್ನದು. ಅಂದರೆ 2006ಕ್ಕಿಂತ ಹಿಂದಿನ ಪದ್ಧತಿ. ಆಮೇಲೆ ಇನ್ನೆರಡು ಊರಿನಲ್ಲಿ ಹಾಗೆಯೇ ನಡೆದು, ಕಾಯಂ ಆಗುವ ಹೊತ್ತಿಗೆ ತಲೆಗೂದಲು ಅರ್ಧ ಹೋಗಿತ್ತು.

ನನ್ನ ಕೈಯಲ್ಲಿ ಕಲಿತ ಹುಡುಗನೊಬ್ಬ ಈಗ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿದ್ದಾನೆ. ಮಾಸ್ತರರ ಚಟ ಕೇಳಿ, ಕಳೆದ ದೀಪಾವಳಿಗೆ ಬಂದಾಗ ಟೋಂಗಾ ದೇಶದ ಒಂದು ನೋಟು ತಂದುಕೊಟ್ಟ. ಪೆಸಿಫಿಕ್ ಸಾಗರದಲ್ಲಿ ಉದುರಿದ ಜೋಳದ ಕಾಳಿನಂಥ ದ್ವೀಪಗಳು. ನೋಟಿನ ಮೇಲೆ ರಾಜನ ಮುಖ. ಅಲ್ಲಿ ಬದಲಿ ನೋಟಿಗೆ ಚುಕ್ಕಿಯಿಲ್ಲ, ನಂಬರಿನ ಮೊದಲು ಇಂಗ್ಲಿಷಿನ ಕೊನೆಯ ಅಕ್ಷರ ‘ಝಡ್’. ಸಾಲಿನಲ್ಲಿ ಕೊನೆಗೆ ನಿಂತವನನ್ನೇ ಕರೆದು ಕೆಲಸ ಹೇಳಿದ ಹಾಗೆ. ಅವರ ನಾಣ್ಯದ ಹೆಸರು ಪಾ'ಆಂಗಾ, 1967ರಿಂದ ಚಲಾವಣೆಯಲ್ಲಿದೆ. ಅದು ಮೂಲದಲ್ಲಿ ಒಂದು ಬಳ್ಳಿಯ ದಪ್ಪ ಬೀಜದ ಹೆಸರು. ಹಿಂದೆ ಆ ಬೀಜ ಎಸೆದು ಆಟ ಆಡುತ್ತಿದ್ದರಂತೆ. ಕೇಳಿ ಹೊಟ್ಟೆಕಿಚ್ಚಾಯಿತು. ಹುಣಸಿಬೀಜ ಒಡೆದು ಪಗಡಿ ಆಡಿ ನಾವು ಗೆದ್ದದ್ದೇನು ಕಡಿಮೆಯೇ? ಆದರೆ ಯಾವ ಸರಕಾರವೂ ರೂಪಾಯಿಗೆ ಹುಣಸಿಬೀಜ ಅಂತ ಹೆಸರಿಡಲಿಲ್ಲ.

ನಮ್ಮಾಕೆ ಆ ನೋಟನ್ನು ಹಿಂದೆ ಮುಂದೆ ನೋಡಿ ಕೇಳಿದಳು: “ಇದು ನೇಸರಗಿ ಸಂತ್ಯಾಗ ನಡೀತೈತೇನ್ರಿ?”

“ಇಲ್ಲ.”

“ಹಂಗಾರ ಇದೊಂದ ಉಳೀತೈತಿ ಬಿಡ್ರಿ.”

ಅವಳ ಮಾತಿಗೆ ಹಿನ್ನೆಲೆಯಿದೆ. ನನ್ನ ಹತ್ತಿರ ಹಂಪಿಯ ಕಲ್ಲಿನ ತೇರಿನ, ತಿಳಿನೀಲಿ ಐವತ್ತರ ಚುಕ್ಕಿ ನೋಟೊಂದಿತ್ತು. ಭಂಡಾರ ಇಲ್ಲ, ಲೆಕ್ಕ ಇಲ್ಲ, ಮಡಿಕೆ ಒಂದೇ. ಪಂಚಾಂಗದ ನಡುವೆ ಇಟ್ಟಿದ್ದೆ. 2023ರ ಜುಲೈನಲ್ಲಿ ಚುಕ್ಕಿ ನೋಟು ಖೊಟ್ಟಿ ಅಂತ ಮೊಬೈಲಿನಿಂದ ಮೊಬೈಲಿಗೆ ಸುದ್ದಿ ಹಬ್ಬಿತು. ಇವು ಎಲ್ಲ ನೋಟಿನಂತೆಯೇ ನಡೆಯುತ್ತವೆ ಅಂತ ರಿಸರ್ವ್ ಬ್ಯಾಂಕೇ ಪ್ರಕಟಣೆ ಕೊಡಬೇಕಾಯಿತು. ಅದನ್ನು ಪೇಪರಿನಲ್ಲಿ ಓದಿ, ನನ್ನ ಪರವಾಗಿ ತೀರ್ಪು ಬಂದ ಹುರುಪಿನಲ್ಲಿ ಪಂಚಾಂಗ ತೆಗೆದೆ. ನೋಟು ಇರಲಿಲ್ಲ.

“ಆ ಖೊಟ್ಟಿ ನೋಟೇನ್ರಿ? ಮನ್ಯಾಗ ಇಟ್ಕೊಂಡ್ರ ಪೊಲೀಸರು ಬರ್ತಾರಂದ್ರು. ಮುಂಜಾನೆನ ಕಾಯಿಪಲ್ಲೆ ಅವ್ವಗ ದಾಟಿಸಿಬಿಟ್ಟೆ,” ಅಂದಳು, ಒಂದು ಗಂಡಾಂತರ ತಪ್ಪಿಸಿದ ಸಮಾಧಾನದಲ್ಲಿ.

ಚಪ್ಪಲಿ ಮೆಟ್ಟಿ ಸಂತೆಗೆ ಓಡಿದೆ. ಆ ಅಜ್ಜಿ ಬದನೆಕಾಯಿ ಬುಟ್ಟಿಯ ಹಿಂದೆ ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದಳು. ಚುಕ್ಕಿ ಇರುವ ಐವತ್ತರ ನೋಟು, ನಂಬರಿನ ನಡುವೆ, ಅಂತ ಎಷ್ಟು ಬಿಡಿಸಿ ಹೇಳಿದರೂ ಅವಳಿಗೆ ನನ್ನ ಮುಖದ ಗಾಬರಿಯೇ ಹೆಚ್ಚು ತಿಳಿಯಿತು. ಸೊಂಟದ ಸಂಚಿ ಬಿಚ್ಚಿ, ಕೈಯಾಡಿಸಿ, “ಅದು ಬಸ್ಸಿನವಗ ಹೋತ ತಮ್ಮಾ. ಅದರ ಬದಲಿ ಇದನ್ನ ತಗೋ,” ಅಂತ ಒದ್ದೆಯಾದ ಐವತ್ತೊಂದನ್ನು ಅಂಗೈಗೆ ಒತ್ತಿದಳು. ಕನ್ನಡಕ ಹಣೆಗೇರಿಸಿ ನೋಡಿದೆ. ಚುಕ್ಕಿ ಇರಲಿಲ್ಲ. ಅದನ್ನು ಅವಳಿಗೇ ಮರಳಿ ಕೊಟ್ಟು ಎರಡು ಕಿಲೋ ಬದನೆಕಾಯಿ ತಂದೆ.