ಜಮಾ ಅಣ್ಣ

ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಬಳ್ಳಾರಿಯಲ್ಲಿ ಯಾರೂ ಯಾರ ಮನೆಗೂ ಸುಮ್ಮನೆ ಹೋಗುವುದಿಲ್ಲ. ಹೋದರೆ ಎರಡೇ ಕಾರಣ: ಒಂದು ಸಾವು, ಇನ್ನೊಂದು ಸೆಕೆಂಡ್ ಹ್ಯಾಂಡ್ ಕೂಲರ್. ಕೌಲ್ ಬಜಾರಿನ ಓಣಿಯೊಂದರಲ್ಲಿ ಈ ಎರಡನೆಯ ಕಾರಣಕ್ಕೆ ಬಂದ ಹುಡುಗ 3,200 ರೂಪಾಯಿಗೆ ಮಾತು ಮುಗಿಸಿ, ಫೋನು ಒತ್ತಿ, ಅದರ ಮುಖ ತಿರುಗಿಸಿ ಹಸಿರು ಟಿಕ್ ತೋರಿಸುತ್ತಾನೆ. ಕೂಲರಿನ ಮಾಲೀಕ ಆ ಕಡೆ ಕಣ್ಣೂ ಹಾಯಿಸುವುದಿಲ್ಲ. ಪಂಚೆ ಎತ್ತಿ ಕಟ್ಟಿ, ಕೂಲರಿನ ಮೇಲೇ ಕೂತುಬಿಡುತ್ತಾನೆ.

“ನಿನ್ನ ಫೋನಿನಾಗ ಹೋಗೇತಿ. ನನ್ನ ಫೋನಿನಾಗ ಬಂದಿಲ್ಲ. ನಡುವ ಎಲ್ಲೈತಿ ಅಂತ ಇಬ್ಬರೂ ಕಾಯೋಣು, ಕೂಡು.”

ಇವನೇ ಜಮಾ ಅಣ್ಣ. ಹುಟ್ಟಿದಾಗ ಇಟ್ಟ ಹೆಸರು ಬೇರೆ; ಆದರೆ “ಜಮಾ ಆತೇನು?” ಎಂದು ಕೇಳಿ ಕೇಳಿ ಈ ಹೆಸರೇ ಗಟ್ಟಿಯಾಗಿದೆ. ಊರಿಗೊಬ್ಬ ಜಮಾ ಅಣ್ಣನಲ್ಲ, ಓಣಿಗೊಬ್ಬ. ಒಬ್ಬ ಮಿಲ್ಲಿನಲ್ಲಿ ಲೆಕ್ಕ ಬರೆದವನು, ಒಬ್ಬ ಗ್ಯಾರೇಜು ಮುಚ್ಚಿದವನು, ಒಬ್ಬ ನಿವೃತ್ತ ಮೇಷ್ಟ್ರು. ಎಲ್ಲರ ಅಂಗಿಯ ಜೇಬಿನಲ್ಲೂ ಎರಡು ಫೋನು. ದೊಡ್ಡದು ಮಂದಿಗೆ ತೋರಿಸಲಿಕ್ಕೆ, ಬಟನ್ನಿನ ಸಣ್ಣದು ಬ್ಯಾಂಕಿನ ಮೆಸೇಜು ಬರಲಿಕ್ಕೆ. ಎಲ್ಲರ ಮನೆಯಲ್ಲೂ ಮಾರುವುದಕ್ಕೆ ಏನಾದರೊಂದು ಇದ್ದೇ ಇರುತ್ತದೆ. ಮಾರಾಟ ಆಗುವುದು ಮಾತ್ರ ಅಪರೂಪ.

ಹಸಿರು ಟಿಕ್ಕಿನ ಮೇಲೆ ಅಣ್ಣನಿಗೆ ಇಷ್ಟು ಸಿಟ್ಟು ಯಾಕೆ? ಕಾರಣ ಇದೆ. ಹೆಸರಾಂತ ಪಾವತಿ ಆ್ಯಪುಗಳ ಬಣ್ಣ, ಅಕ್ಷರ, ಸದ್ದು ಎಲ್ಲವನ್ನೂ ಕದ್ದ ನಕಲಿ ಆ್ಯಪುಗಳಿವೆ. ಹೆಸರು, ಮೊತ್ತ ತುಂಬಿದರೆ ಸಾಕು, ಒಂದು ಪೈಸೆಯೂ ಕದಲದೆ ‘ಯಶಸ್ವಿ’ ಎಂದು ಬರೆದ ಪರದೆ ಎದ್ದು ನಿಲ್ಲುತ್ತದೆ. ಬ್ಯಾಂಕಿನದೇ ಎನ್ನುವಂಥ ಮೆಸೇಜನ್ನೂ ಹತ್ತು ಅಂಕಿಯ ಮಾಮೂಲಿ ನಂಬರಿನಿಂದ ಕಳಿಸುತ್ತಾರೆ; ಬ್ಯಾಂಕು ಹಾಗೆ ಹತ್ತಂಕಿಯ ನಂಬರಿನಿಂದ ಜಮಾ ಸುದ್ದಿ ಹೇಳುವುದಿಲ್ಲ. ಅದಕ್ಕೇ ಅಣ್ಣ ಕನ್ನಡಕ ಏರಿಸಿ, ತನ್ನದೇ ಖಾತೆ ತೆರೆದು, ಹಳೆ ಬಾಕಿ ಎಷ್ಟು, ಹೊಸ ಬಾಕಿ ಎಷ್ಟು, ವ್ಯತ್ಯಾಸ ಸರಿಯಾಗಿ 3,200 ಹೌದೋ ಅಲ್ಲವೋ ಎಂದು ಬೆರಳು ಮಡಚಿ ಲೆಕ್ಕ ಹಾಕುತ್ತಾನೆ. ಅಷ್ಟರಲ್ಲಿ ಒಳಗಿಂದ ವಗ್ಗರಣಿ, ಮಿರ್ಚಿ ಬರುತ್ತದೆ. ಅನುಮಾನ ಬೇರೆ, ಆತಿಥ್ಯ ಬೇರೆ.

ಹುಡುಗನ ಹಣ ನಿಜವಾಗಿಯೂ ಕಟ್ ಆಗಿ ನಡುದಾರಿಯಲ್ಲಿ ಸಿಕ್ಕಿಹಾಕಿಕೊಂಡಿರಲೂಬಹುದು. ಅದಕ್ಕೂ ಅಣ್ಣನ ಹತ್ತಿರ ಉತ್ತರವಿದೆ. 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆಯ ಪ್ರಕಾರ, ಯುಪಿಐಯಲ್ಲಿ ಒಬ್ಬರಿಂದ ಒಬ್ಬರಿಗೆ ಕಳಿಸಿದ ಹಣ ಮುಟ್ಟದಿದ್ದರೆ ಮರುದಿನದೊಳಗೆ ತಾನಾಗಿ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. “ನೋಡಪ, ಬಂದರ ನನಗ ಬರ್ತೈತಿ, ಇಲ್ಲಂದ್ರ ನಿನಗ ಹೋಗ್ತೈತಿ. ಕೂಲರ್ ಮಾತ್ರ ಎಲ್ಲೂ ಹೋಗಂಗಿಲ್ಲ” ಎನ್ನುತ್ತಾನೆ. ಈ ವಾಕ್ಯ ಮುಗಿಯುವುದಕ್ಕೂ ಸಣ್ಣ ಫೋನು ‘ಟಿಣ್’ ಎನ್ನುವುದಕ್ಕೂ ಸರಿಹೋದರೆ ಅಣ್ಣನ ಮುಖದಲ್ಲಿ ಕೊಂಚ ನಿರಾಸೆಯೂ ಕಾಣುತ್ತದೆ. ಇನ್ನೂ ಎರಡು ನಿಯಮ ಹೇಳುವುದು ಬಾಕಿ ಇತ್ತು.

ಈ ಅನುಮಾನ ಅಣ್ಣನ ಸ್ವಂತ ಸಂಪಾದನೆಯಲ್ಲ, ಪಿತ್ರಾರ್ಜಿತ. ಅಪ್ಪ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದವನು. ತುಂಗಭದ್ರೆಯ ನೀರಿಗೆ ಬೆಳೆದ ಭತ್ತ ಚೀಲಗಟ್ಟಲೆ ಬಂದು ಬೀಳುವ ಸುಗ್ಗಿಯಲ್ಲಿ, ನೋಟಿನ ಕಟ್ಟನ್ನು ಮೂರು ಸಲ ಎಣಿಸದೆ ಯಾರನ್ನೂ ಬಾಗಿಲು ದಾಟಲು ಬಿಟ್ಟವನಲ್ಲ. ಮಗ ಮಾತ್ರ ಒಮ್ಮೆ ಎಣಿಸದೆ ಕೆಟ್ಟ. ಅದಿರಿನ ಕಾಲದಲ್ಲಿ ಬಳ್ಳಾರಿಯ ಅರ್ಧ ಮಂದಿ ಟಿಪ್ಪರ್ ಮಾಲೀಕರಾದಂತೆ ಅವನೂ ಸಾಲ ಮಾಡಿ ಒಂದು ಟಿಪ್ಪರ್ ಕೊಂಡಿದ್ದ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಳನ್ನು ನಿಲ್ಲಿಸಿತು. ಟಿಪ್ಪರ್ ಮನೆ ಮುಂದೆ ನಿಂತು, ಅದರ ನೆರಳಲ್ಲಿ ನಾಯಿ ಮಲಗತೊಡಗಿತು. ಕೊನೆಗೊಬ್ಬ ಗಿರಾಕಿ ಬಂದ, ಚೆಕ್ಕು ಕೊಟ್ಟ, ಗಾಡಿ ಒಯ್ದ. ಚೆಕ್ಕು ಬೌನ್ಸಾಯಿತು.

ಚೆಕ್ಕು ಬೌನ್ಸಾದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮು ಇದೆ: ಬ್ಯಾಂಕಿನಿಂದ ಸುದ್ದಿ ಬಂದ 30 ದಿನದೊಳಗೆ ನೋಟಿಸು ಕೊಡಬೇಕು, ಅದು ಮುಟ್ಟಿದ 15 ದಿನದಲ್ಲಿ ಅವನು ಹಣ ಕಟ್ಟಬೇಕು, ಕಟ್ಟದಿದ್ದರೆ ಮುಂದಿನ ಒಂದು ತಿಂಗಳಲ್ಲಿ ದೂರು ಹೂಡಬೇಕು. ಎರಡು ವರ್ಷದವರೆಗೆ ಜೈಲು, ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ, ಎಲ್ಲ ಬರೆದಿದೆ. ಆದರೆ ಆ 30 ದಿನವೂ ಗಿರಾಕಿ ದಿನಾ ಬೆಳಿಗ್ಗೆ ಫೋನು ಮಾಡಿ “ನಾಳೆ ಹಾಕ್ತೀನಿ ಅಣ್ಣಾ” ಎನ್ನುತ್ತಿದ್ದ. ಮೂವತ್ತೊಂದನೆಯ ದಿನ ಫೋನು ಬರಲಿಲ್ಲ. ಆ ಚೆಕ್ಕು ಈಗ ದೇವರ ಗೂಡಿನ ಪಕ್ಕ ಕಟ್ಟು ಹಾಕಿಸಿಕೊಂಡು ನೇತಾಡುತ್ತಿದೆ. ಕೇಳಿದವರಿಗೆ ಅಣ್ಣ ಹೇಳುವುದಿಷ್ಟು: “ಚೆಕ್ ಅಂದ್ರ ರೊಕ್ಕ ಅಲ್ಲಪ, ರೊಕ್ಕದ ಜಾತಕ. ಜಾತಕ ಕೂಡಿದ್ರ ಮದುವಿ ಆದಂಗಲ್ಲ.”

ಅಣ್ಣನ ಖ್ಯಾತಿಯ ಶಿಖರ ಮಾತ್ರ ‘ಮಿಲಿಟ್ರಿ ಫೋನು’. ಹಳೆ ಸಾಮಾನಿನ ಆ್ಯಪಿನಲ್ಲಿ ಮಂಚದ ಚಿತ್ರ ಹಾಕಿ ಹತ್ತು ನಿಮಿಷವಾಗಿರಲಿಲ್ಲ. ಕರೆ ಬಂತು. ಹಿಂದಿ. ತಾನು ಸೈನ್ಯದವನು, ಬಳ್ಳಾರಿ ಕಂಟೋನ್ಮೆಂಟಿಗೆ ವರ್ಗವಾಗಿದೆ, ಮಂಚ ನೋಡುವುದೇ ಬೇಡ, ಚೌಕಾಸಿಯೂ ಬೇಡ, ಹಣ ಈಗಲೇ ಕಳಿಸುತ್ತೇನೆ. ಸಮವಸ್ತ್ರದ ಫೋಟೋ, ಗುರುತಿನ ಚೀಟಿ ಎಲ್ಲ ಬಂದವು. ದೇಶದ ಊರೂರುಗಳಲ್ಲಿ ಹಳೆ ಸಾಮಾನು ಮಾರುವವರಿಗೆ ಬರುವ ಕರೆಯೇ ಇದು. ಸೈನಿಕನ ಹೆಸರು ಹೇಳಿದರೆ ಮರು ಪ್ರಶ್ನೆ ಬರುವುದಿಲ್ಲ ಎಂದು ಕಳ್ಳರಿಗೆ ಗೊತ್ತು. ಆದರೆ ಬಳ್ಳಾರಿಯವರಿಗೆ ಕಂಟೋನ್ಮೆಂಟಿನ ಹೆಸರು ಹೇಳಬಾರದಿತ್ತು. ಬ್ರಿಟಿಷರ ಪಟಾಲಮ್ಮಿನ ಕಾಲದಿಂದ ಊರಿಗೆ ಅಂಟಿದ ಹೆಸರು ಅದು. ಮೊದಲ ಮಹಾಯುದ್ಧದಲ್ಲಿ ತುರ್ಕಿಯ ಸೈನಿಕರನ್ನು ತಂದು ಸೆರೆಯಿಟ್ಟ ಊರು ಇದು. “ಯಾವ ಗೇಟು, ಸಾಬ್?” ಎಂದು ಅಣ್ಣ ತನ್ನ ದಖ್ಖನಿಯಲ್ಲಿ ಕೇಳಿದ. ಆ ಕಡೆ ಸ್ವಲ್ಪ ಹೊತ್ತು ಗಾಳಿ ಬೀಸಿತು. ಆಮೇಲೆ ಒಂದು ಕ್ಯೂಆರ್ ಕೋಡು ಬಂತು. ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ಹಣ ಬರುತ್ತದಂತೆ.

ಅಂದಿನಿಂದ ಓಣಿಯಲ್ಲಿ ಅಣ್ಣನ ‘ಹುಂಡಿ ಪುರಾಣ’ ಶುರುವಾಯಿತು. ಕುರುಗೋಡಿನ ದೊಡ್ಡ ಬಸವೇಶ್ವರನ ಗುಡಿಗೆ ಹೋದವರೆಲ್ಲ ಹುಂಡಿ ನೋಡಿರುತ್ತಾರೆ. ಕಾಣಿಕೆ ಹಾಕುವ ಭಕ್ತನಿಗೆ ಯಾರಾದರೂ ಬೀಗದ ಕೈ ಕೇಳುತ್ತಾರಾ? ಮೇಲೊಂದು ಸೀಳು ಇದೆ, ಹಾಕಿ ಹೋಗುತ್ತಾನೆ. ಕೀಲಿ ಬೇಕಾಗುವುದು ಒಳಗಿನದನ್ನು ತೆಗೆಯಲಿಕ್ಕೆ, ಇಲ್ಲವೇ ಒಳಗೆಷ್ಟಿದೆ ಎಂದು ನೋಡಲಿಕ್ಕೆ. ಯುಪಿಐ ಪಿನ್ನೂ ಅಷ್ಟೆ: ಕಳಿಸಲು ಬೇಕು, ಬಾಕಿ ನೋಡಲು ಬೇಕು, ಬರುವ ಹಣಕ್ಕೆ ಬೇಡವೇ ಬೇಡ. “ಹುಂಡಿಗೆ ರೊಕ್ಕ ಹಾಕ್ತೀನಿ, ಕೀಲಿ ಕೊಡ್ರಿ ಅಂದವ ಭಕ್ತ ಅಲ್ಲಲೇ!” 2016ರಲ್ಲಿ ಯುಪಿಐ ಶುರುವಾದಂದಿನಿಂದ ಎಷ್ಟೋ ತಜ್ಞರು ಇದನ್ನು ಹೇಳುತ್ತ ಬಂದಿದ್ದಾರೆ, ಇಷ್ಟು ಚೆನ್ನಾಗಿ ಹೇಳಿದವರು ಕಡಿಮೆ. ಜನರಿಂದ ಜನರಿಗೆ ‘ಹಣ ಕೊಡು’ ಎಂದು ಕೋರಿಕೆ ಕಳಿಸುವ ಸೌಲಭ್ಯವನ್ನು ರಾಷ್ಟ್ರೀಯ ಪಾವತಿ ನಿಗಮ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು ಎಂದು ಪೇಪರಿನಲ್ಲಿ ಓದಿದ ದಿನ ಅಣ್ಣ ಅದು ತನ್ನ ಅರ್ಜಿಗೇ ಸಿಕ್ಕ ನ್ಯಾಯ ಎಂಬಂತೆ ಓಡಾಡಿದ. ಅರ್ಜಿ ಹಾಕಿದ್ದು ಯಾವಾಗ ಎಂದು ಯಾರೂ ಕೇಳಲಿಲ್ಲ.

ಪಕ್ಕದ ಮನೆಯ ಹುಡುಗ ಅಷ್ಟು ಜಾಣನಾಗಿರಲಿಲ್ಲ. ಅವನಿಗೂ ಇಂಥದೇ ಕರೆ ಬಂತು, ನಂಬಿಕೆಗೆಂದು ಮೊದಲು ಒಂದು ರೂಪಾಯಿ ನಿಜವಾಗಿಯೇ ಬಂತು, ಆಮೇಲೆ ಹುಡುಗ ಪಿನ್ ಒತ್ತಿದ. ಆಗ ಬೈಯುತ್ತ ಕೂರದೆ ಅವನ ಕೈಯಿಂದ ಫೋನು ಕಸಿದು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದವನು ಇದೇ ಜಮಾ ಅಣ್ಣ. ಹೋದ ಹಣ ಕಳ್ಳನ ಖಾತೆಯಿಂದ ಮುಂದಕ್ಕೆ ಜಿಗಿಯುವ ಮೊದಲು ತಡೆಯಬೇಕಾದರೆ ನಿಮಿಷಗಳೇ ಲೆಕ್ಕ. ಬೈಗುಳವನ್ನು ಅವನು ಸಂಜೆಗೆ ಕಾದಿರಿಸಿಕೊಂಡ, ಬಡ್ಡಿ ಸಮೇತ ತೀರಿಸಿದ.

ಹಾಗಾದರೆ ನಗದೇ ವಾಸಿ ಎನ್ನುವಿರಾ? ನಗದಿನ ವ್ಯವಹಾರವನ್ನು ಅಣ್ಣ ಬ್ಯಾಂಕಿನ ಹಾಲಿನಲ್ಲೇ ನಡೆಸುತ್ತಾನೆ. ಗಿರಾಕಿಯನ್ನು ಕೌಂಟರಿನ ಮುಂದೆ ನಿಲ್ಲಿಸಿ, ಹಣವನ್ನು ನೇರ ತನ್ನ ಖಾತೆಗೆ ಕಟ್ಟಿಸುತ್ತಾನೆ. ಎಣಿಸುವುದು ಬ್ಯಾಂಕಿನ ಯಂತ್ರ, ಖೋಟಾ ನೋಟು ಹಿಡಿಯುವುದು ಬ್ಯಾಂಕಿನ ಕಣ್ಣು. ಎ.ಸಿ. ಕೂಡ ಬ್ಯಾಂಕಿನದೇ ಎಂಬುದನ್ನು ಅವನು ಬಾಯಿಬಿಟ್ಟು ಹೇಳುವುದಿಲ್ಲ. ಮೊತ್ತ 2 ಲಕ್ಷ ಮುಟ್ಟಿದರೆ ನಗದನ್ನು ಮುಟ್ಟುವುದೇ ಇಲ್ಲ: 2017ರ ಏಪ್ರಿಲಿನಿಂದ ಅಷ್ಟು ಹಣವನ್ನು ನಗದಾಗಿ ಪಡೆದವನಿಗೇ ಅಷ್ಟೇ ಮೊತ್ತದ ದಂಡ.

ಸಿರುಗುಪ್ಪದ ಹುಡುಗನಿಗೆ ಬೈಕು ಮಾರಿದ ದಿನ ಈ ಹಾಲಿನಲ್ಲಿ ಜಾತ್ರೆಯೇ ಆಯಿತು. ಹಣ ಜಮಾ ಆದರೂ ಕೀಲಿ ಕೊಡಲಿಲ್ಲ. ಮಾಲೀಕತ್ವ ವರ್ಗಾವಣೆಯ 29, 30ನೇ ಫಾರ್ಮುಗಳಿಗೆ ಸಹಿ, ಗುರುತಿನ ಚೀಟಿಯ ನಕಲು, ಅದರ ಕೆಳಗೆ ‘ಬೆಳಿಗ್ಗೆ 11 ಗಂಟೆ 42 ನಿಮಿಷಕ್ಕೆ ಗಾಡಿ ಒಪ್ಪಿಸಲಾಗಿದೆ’ ಎಂಬ ಬರಹ. 43ನೇ ನಿಮಿಷಕ್ಕೆ ಅಪಘಾತವಾದರೆ? ಆರ್‌ಸಿ ಪುಸ್ತಕದಲ್ಲಿ ಹೆಸರಿರುವವನೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಕೆಎ-34 ಎಂದಿರುವ ಆ ಪುಸ್ತಕದಲ್ಲಿ ಹೆಸರು ಬದಲಾಗುವವರೆಗೆ ಅಣ್ಣನಿಗೆ ನಿದ್ದೆ ಹತ್ತಲಿಲ್ಲ. ರಾತ್ರಿ ಸಿರುಗುಪ್ಪಕ್ಕೆ ಫೋನು ಹೋಗುತ್ತಿತ್ತು: “ನಿಧಾನ ಓಡಸಪ.”

ಇಂಥ ಅಣ್ಣನಿಗೆ ಸರಿಸಾಟಿ ಸಿಕ್ಕಿದ್ದು ಕುರುಗೋಡಿನಲ್ಲಿ.

ಹೆಂಡತಿ ಜೀನ್ಸ್ ಹೊಲಿಯುತ್ತಿದ್ದ ಮೋಟರಿನ ಮಷಿನ್ನು ಮೂಲೆ ಸೇರಿತ್ತು. ಬಳ್ಳಾರಿಯಲ್ಲಿ ಪ್ಯಾಂಟು ಹೊಲಿಯದ ಮನೆ ಹುಡುಕಬೇಕು, ಹಾಗಾಗಿ ಊರೊಳಗೆ ಬೆಲೆ ಬರಲಿಲ್ಲ. ಕುರುಗೋಡಿನ ಒಬ್ಬ ಅಜ್ಜಿ 9,000ಕ್ಕೆ ಒಪ್ಪಿದಳು. ಗೂಡ್ಸ್ ಆಟೋದಲ್ಲಿ ಮಷಿನ್ನು ಹೇರಿಕೊಂಡು ಹೋದ ಅಣ್ಣ, ಇಳಿಸುವ ಮುನ್ನ “ಜಮಾ?” ಎಂದ. ಅಜ್ಜಿ, “ಇಳಸು. ಓಡ್ಸು. ಹೊಲಿಗಿ ನೋಡ್ತೀನಿ. ಆಮ್ಯಾಲ ರೊಕ್ಕ” ಎಂದಳು. ಬಿಸಿಲು ಏರಿತು. ಆಟೋದವನು ಕಾಯುವ ಬಾಡಿಗೆ ಎಣಿಸತೊಡಗಿದ.

ಕೊನೆಗೆ ಮಷಿನ್ನು ಇಳಿಯಿತು, ಓಡಿತು. ಅಜ್ಜಿ ಬೆಂಗಳೂರಿನ ಮಗನಿಗೆ ಫೋನು ಹಚ್ಚಿದಳು, ಅವನು ಗೆಳೆಯನ ನಂಬರಿನಿಂದ ಹಾಕಿಸುತ್ತೇನೆ ಎಂದ. ಅಣ್ಣ ಎರಡೂ ಕೈ ಎತ್ತಿದ. ಯಾರದೋ ಖಾತೆಯ ಹಣ ಬೇಡ! ಇದು ಮಾತ್ರ ಹುಚ್ಚಲ್ಲ. ಕದ್ದ ಹಣ ಖಾತೆಯಿಂದ ಖಾತೆಗೆ ಹರಿದು ಯಾವ ಅಮಾಯಕ ಮಾರಾಟಗಾರನನ್ನು ಮುಟ್ಟಿದರೂ, ಬೇರೆ ರಾಜ್ಯದ ಸೈಬರ್ ಪೊಲೀಸರ ಪತ್ರದ ಮೇಲೆ ಅವನ ಖಾತೆಗೂ ತಡೆ ಬೀಳುತ್ತದೆ. ಮಾರಿದ್ದು ಹಳೆ ಮಷಿನ್ನು, ಅಲೆಯುವುದು ಹೊಸ ಠಾಣೆ. ಇದನ್ನೆಲ್ಲ ಅಣ್ಣ ವಿವರಿಸಿದ. ಅಜ್ಜಿ ಪೂರ್ತಿ ಕೇಳಿ, ಒಳಗೆ ಹೋಗಿ, ಜೋಳದ ಡಬ್ಬಿಯಿಂದ 500ರ ಹದಿನೆಂಟು ನೋಟು ತಂದಳು. ಅಣ್ಣ ಮೂರು ಸಲ ಎಣಿಸಿದ, ಬಿಸಿಲಿಗೆ ಹಿಡಿದು ನೋಡಿದ. ಅಜ್ಜಿ ಇಸಿದುಕೊಂಡು ನಾಲ್ಕನೆಯ ಸಲ ಎಣಿಸಿ ಕೊಟ್ಟಳು.

ಸಂಜೆ ಬಳ್ಳಾರಿ ಮುಟ್ಟಿ ಅಂಗಿ ಬಿಚ್ಚುವಾಗ ಜೇಬಿನಿಂದ ಏನೋ ಕೆಳಗೆ ಬಿತ್ತು. ಮೋಟರಿನ ಬೆಲ್ಟು. ಹಣ ಕೈಸೇರುವ ಮೊದಲು ಮಷಿನ್ನು ಓಡಿಸಿಕೊಂಡು ಬಿಟ್ಟಾರೆಂದು ಹೊಲಿಗೆ ತೋರಿಸಿದ ಮೇಲೆ ಅಣ್ಣನೇ ಮೆಲ್ಲಗೆ ಬಿಚ್ಚಿ ಇಟ್ಟುಕೊಂಡಿದ್ದ. ಫೋನು ಆಗಲೇ ಹೊಡೆದುಕೊಳ್ಳುತ್ತಿತ್ತು.

“ಐತಿ ಅಜ್ಜಿ, ನನ್ನ ಹತ್ರನಾ ಐತಿ. ನಿಮ್ಮ ಮಗನ ಫೋನಿಗೆ ಫೋಟೋ ಹಾಕ್ತೀನಿ, ನೋಡ್ರಿ ಬೇಕಾದ್ರ.”

“ಫೋಟೋ ನಿನ್ನ ಫೋನಿನಾಗ ಇರ್ಲಿ” ಎಂದಳು ಅಜ್ಜಿ. “ಬೆಲ್ಟ್ ನನ್ನ ಮಷಿನ್ನಿಗೆ ಬಂದಿಲ್ಲ. ಮುಂಜಾನಿ ಮೊದಲ ಬಸ್ಸಿಗೆ ಬಾ, ಕೂತಿರ್ತೀನಿ.”