ಇಸಿಲದ ಮಹಾಮಾತ್ರರಿಂದ ಇಂದಿನ ಪ್ರಭಾರಿಗಳವರೆಗೆ: ವೈದ್ಯನಾಯಕತ್ವ ಮೀಮಾಂಸೆ

ವೈದ್ಯಾಧಿಕಾರಿಗಳ ನಾಯಕತ್ವ ಕೌಶಲಾಭಿವೃದ್ಧಿ ಎಂಬ ಶಾಸ್ತ್ರವು ಅಮೆರಿಕದಲ್ಲಿ ಹುಟ್ಟಿತೆಂದು ಕೆಲವು ಅಲ್ಪಜ್ಞರು ನಂಬಿದ್ದಾರೆ. ಪ್ರಸ್ತುತ ಸಂಶೋಧಕನು ಇದನ್ನು ಖಂಡಿಸುತ್ತಾನೆ. ಅದು ಹುಟ್ಟಿದ್ದು ಮೊಳಕಾಲ್ಮೂರು ತಾಲ್ಲೂಕಿನಲ್ಲಿ. ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಬ್ರಹ್ಮಗಿರಿಯ ಅಶೋಕ ಶಾಸನವೇ ಇದಕ್ಕೆ ಪ್ರಮಾಣ. ಸುವರ್ಣಗಿರಿಯ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸುವುದರಿಂದ ಆ ಶಾಸನ ಆರಂಭವಾಗುತ್ತದೆ. ಸೂಕ್ಷ್ಮವನ್ನು ಗಮನಿಸಬೇಕು: ಅಧಿಕಾರಿಗಳು ವಿಚಾರಿಸುವುದು ಅಧಿಕಾರಿಗಳ ಆರೋಗ್ಯವನ್ನು, ಊರಿನವರದ್ದನ್ನಲ್ಲ. ಆರೋಗ್ಯಾಡಳಿತದ ಈ ಮೂಲತತ್ತ್ವ ಇಪ್ಪತ್ತೆರಡು ಶತಮಾನ ಕಳೆದರೂ ಸವೆದಿಲ್ಲ. ಅದೇ ಶಾಸನದ 256 ಎಂಬ ಅಂಕಿಯನ್ನು ಪ್ರವಾಸದಲ್ಲಿ ಕಳೆದ ರಾತ್ರಿಗಳೆಂದು ಅನೇಕ ವಿದ್ವಾಂಸರು ಓದುತ್ತಾರೆ. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವ್ಹೀಲರ್ ಅಲ್ಲಿ ಅಗೆಸಿದಾಗಲೂ ಪ್ರವಾಸ ಭತ್ಯೆಯ ಬಿಲ್ಲು ಮಾತ್ರ ಸಿಗಲಿಲ್ಲ.

ಇನ್ನು ಸಿದ್ಧಾಂತ ಭಾಗ. ಕಾರ್ಯಾಗಾರಗಳ ಆಳವಾದ ಅಧ್ಯಯನದಿಂದ ತಿಳಿದುಬರುವಂತೆ ನಾಯಕತ್ವವು ಐದು ಸಕಾರಗಳ ಮೇಲೆ ನಿಂತಿದೆ: ಸಂವಹನ, ಸಮನ್ವಯ, ಸಹಭಾಗಿತ್ವ, ಸಬಲೀಕರಣ. ಐದನೆಯದನ್ನು ಊಟವಾದ ಮೇಲೆ ಹೇಳುವುದಾಗಿ ಸಂಪನ್ಮೂಲ ವ್ಯಕ್ತಿಗಳು ಪ್ರಕಟಿಸಿದರು. ಊಟವಾದ ಮೇಲೆ ಅವರಿಗೆ ಬಸ್ಸಿತ್ತು. ಪ್ರಾಯೋಗಿಕ ಭಾಗದಲ್ಲಿ ಎಂಬಿಬಿಎಸ್, ಎಂಎಸ್ ಮಾಡಿದವರು ಬಲೂನು ಊದಿ, ಅದು ನೆಲ ಮುಟ್ಟದಂತೆ ಗುಂಪಾಗಿ ತಟ್ಟುತ್ತಾರೆ. ಇದರಿಂದ ತಂಡಭಾವನೆ ವೃದ್ಧಿಸುತ್ತದೆ. ಆ ಹೊತ್ತಿನಲ್ಲಿ ಅವರ ಆಸ್ಪತ್ರೆಯ ಹೊರರೋಗಿ ಕೊಠಡಿಯ ಬಾಗಿಲಿಗೆ ‘ಸಾಹೇಬರು ತರಬೇತಿಗೆ ಹೋಗಿದ್ದಾರೆ’ ಎಂಬ ಚೀಟಿ ಅಂಟಿರುತ್ತದೆ. ಚೀಟಿ ನೋಡಿ ವಾಪಸಾಗುವವರನ್ನು ಶಾಸ್ತ್ರವು ‘ಫಲಾನುಭವಿ’ಗಳೆಂದು ಕರೆಯುತ್ತದೆ.

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಕಂಡುಬರುವ ನಾಯಕತ್ವವನ್ನು ಏಳು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯದು ಪ್ರಭಾರಾತ್ಮಕ. ಇದರಲ್ಲಿ ಪ್ರಭಾರ, ಹೆಚ್ಚುವರಿ ಪ್ರಭಾರ, ಹೆಚ್ಚುವರಿಯವರು ರಜೆ ಹಾಕಿದಾಗಿನ ತಾತ್ಕಾಲಿಕ ಪ್ರಭಾರ ಎಂಬ ಒಳಭೇದಗಳಿವೆ. ಕುರ್ಚಿ ಒಂದೇ, ಅದರಲ್ಲಿ ಕೂರಬೇಕಾದವರು ಅದೇ ಹೊತ್ತಿಗೆ ಇನ್ನೊಂದು ಊರಿನ ಮೀಟಿಂಗಿನಲ್ಲಿರುತ್ತಾರೆ. ಅದ್ವೈತಿಗಳಿಗೂ ಬಿಡಿಸಲು ಕಷ್ಟವಾದ ಸ್ಥಿತಿಯಿದು.

ಎರಡನೆಯದು ರೆಫರಾತ್ಮಕ. ಪಿಎಚ್‌ಸಿಯಿಂದ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಚಿತ್ರದುರ್ಗಕ್ಕೆ, ದುರ್ಗದಿಂದ ದಾವಣಗೆರೆಗೆ. ಮೊಳಕಾಲ್ಮೂರಿನವರಾದರೆ ರಾಂಪುರದ ಮೇಲೆ ಹಾಯ್ದು ಬಳ್ಳಾರಿಗೆ. ಹೆರಿಗೆ ನೋವು ಶುರುವಾದವಳಿಗೆ ರಾತ್ರಿ ಅರಿವಳಿಕೆ ತಜ್ಞರಿಲ್ಲದಿದ್ದರೆ ವೈದ್ಯರು ಬೇರೇನು ಮಾಡಬೇಕು? ಅವರನ್ನೇನೂ ನಾನು ದೂರುತ್ತಿಲ್ಲ. ಇಲ್ಲದ ತಜ್ಞರನ್ನು ಸಂವಹನ ಕೌಶಲದಿಂದ ಹುಟ್ಟಿಸಲಾಗದು.

ಮೂರನೆಯದು ಸ್ವಯಂಚಾಲಿತ. ಚಳ್ಳಕೆರೆ ಬಳಿಯ ಕುದಾಪುರದ ಹತ್ತಿರ ಇಸ್ರೋದ ಪುಷ್ಪಕ್ ನೌಕೆ 2023ರಲ್ಲೂ 2024ರಲ್ಲೂ, ಪೈಲಟ್ ಇಲ್ಲದೆ, ತಾನೇ ದಾರಿ ತಿದ್ದಿಕೊಂಡು ರನ್‌ವೇ ಮೇಲೆ ಇಳಿಯಿತು. ಸಂಜೆಯಾದ ಮೇಲಿನ ಸಣ್ಣ ಆಸ್ಪತ್ರೆಯೂ ಹಾಗೆಯೇ ಇಳಿಯುತ್ತದೆ: ಒಬ್ಬ ಸ್ಟಾಫ್ ನರ್ಸ್, ಒಬ್ಬ ಡಿ ಗ್ರೂಪ್ ನೌಕರ, ಹಟ್ಟಿಯಿಂದ ಗರ್ಭಿಣಿಯನ್ನು ಕರೆತಂದು ಬಾಗಿಲಲ್ಲಿ ನಿಂತ ಆಶಾ ಕಾರ್ಯಕರ್ತೆ. ಈ ಆಶಾಗಳು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲುರಾತ್ರಿ ಕೂತು ತಿಂಗಳಿಗೆ 10,000 ರೂಪಾಯಿಯ ಖಾತ್ರಿಯ ಭರವಸೆ ಪಡೆದರು. ಆ ಸಂಘಟನೆಯನ್ನು ಯಾವ ಕಾರ್ಯಾಗಾರವೂ ಕಲಿಸಿರಲಿಲ್ಲ. ಅವರನ್ನು ನಾಯಕರೆಂದು ಯಾವ ಪಿಪಿಟಿಯಲ್ಲೂ ನಾನು ನೋಡಿಲ್ಲ.

ನಾಲ್ಕನೆಯದು ಉನ್ನತ ಅಥವಾ ಶಿಖರ ನಾಯಕತ್ವ. ಮೊಳಕಾಲ್ಮೂರು 2018ರಲ್ಲಿ ಗೆಲ್ಲಿಸಿದ ಬಿ. ಶ್ರೀರಾಮುಲು 2019ರಲ್ಲಿ ರಾಜ್ಯದ ಆರೋಗ್ಯ ಸಚಿವರೇ ಆದರು. ಇದಕ್ಕಿಂತ ಎತ್ತರದ ನಾಯಕತ್ವ ಒಂದು ತಾಲ್ಲೂಕಿಗೆ ದಕ್ಕುವುದುಂಟೆ? 2020ರ ಅಕ್ಟೋಬರಿನಲ್ಲಿ, ಕೋವಿಡ್ ನಡುವೆಯೇ, ಖಾತೆ ಬದಲಾಯಿತು. ಆ ಎತ್ತರದಿಂದ ಕೆಳಕ್ಕೆ ಎಷ್ಟು ಇಳಿದು ಬಂತೆಂಬುದನ್ನು ಬಳ್ಳಾರಿ ದಾರಿ ಹಿಡಿದವರೇ ಹೇಳಬೇಕು.

ಐದು, ಆರು, ಏಳನೆಯ ವರ್ಗಗಳೂ ಇವೆ. ಅವು ಇರಲಿ, ಬಿಡಿ.

2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅನುಮಾನ ಬಿದ್ದದ್ದು ಡ್ರಿಪ್ ಹಾಕುವ ದ್ರಾವಣದ ಮೇಲೆ. ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು. ಬಾಟಲಿಯನ್ನು ನೇತುಹಾಕಿದ ನರ್ಸು ಅದನ್ನು ಕೊಂಡವಳಲ್ಲ. ಚಾಕು ಹಿಡಿದ ವೈದ್ಯರು ಟೆಂಡರ್ ಕರೆದವರಲ್ಲ. ಸತ್ತ ತಾಯಂದಿರ ಮನೆಯವರಿಗೆ ಮುಖ ತೋರಿಸಬೇಕಾದವರು ಮಾತ್ರ ಅವರೇ. ಇಂಥವರನ್ನು ಸಭಾಂಗಣದಲ್ಲಿ ಕೂರಿಸಿ ‘ನಿಮ್ಮೊಳಗಿನ ನಾಯಕನನ್ನು ಎಬ್ಬಿಸಿ’ ಎನ್ನುವುದಕ್ಕೆ ನಾಚಿಕೆ ಬೇಡವೆ? ಅವನು ಎದ್ದೇ ಇದ್ದಾನೆ, ಸ್ವಾಮಿ. ರಾತ್ರಿ ಎರಡು ಗಂಟೆಯಲ್ಲೂ ಎದ್ದಿರುತ್ತಾನೆ. ಅವನ ಕೈಯಲ್ಲಿ ಅಧಿಕಾರವಿಲ್ಲ, ಅಷ್ಟೆ.

ಆದ್ದರಿಂದ ಮೀಮಾಂಸೆಯ ಶಿಫಾರಸು. ಸಂಶಯ ಬಂದ ಔಷಧದ ಪೆಟ್ಟಿಗೆಯನ್ನು ಮೇಲಿನವರ ಅಪ್ಪಣೆಗೆ ಕಾಯದೆ ಪಕ್ಕಕ್ಕಿಡುವ ಹಕ್ಕು ತಾಲ್ಲೂಕಿನ ಆಡಳಿತ ವೈದ್ಯಾಧಿಕಾರಿಗೆ ಇರಲಿ. ಖಾಲಿ ಬಿದ್ದ ಅರಿವಳಿಕೆ ತಜ್ಞರ ಹುದ್ದೆ ತುಂಬಲಿ; ತುಂಬಿದವರನ್ನು ಮರುತಿಂಗಳೇ ನಿಯೋಜನೆಯ ಹೆಸರಲ್ಲಿ ಬೇರೆಡೆಗೆ ಎಳೆದುಕೊಳ್ಳಬೇಡಿ. ತರಬೇತಿಗೆ ಕರೆಯುವ ಮುನ್ನ ಬದಲಿ ವೈದ್ಯರನ್ನು ಕಳಿಸಿ. ಇಷ್ಟಾದರೆ ಮುಂದಿನ ಕಾರ್ಯಾಗಾರಕ್ಕೆ ಬೇಕಾದ ಬಲೂನುಗಳನ್ನು ಪ್ರಸ್ತುತ ಸಂಶೋಧಕನೇ ಸ್ವಂತ ಖರ್ಚಿನಲ್ಲಿ ತಂದು, ಊದಿ, ದಾರ ಕಟ್ಟಿ ಕೊಡುತ್ತಾನೆ. ರಸೀದಿಯನ್ನೂ ಕೇಳುವುದಿಲ್ಲ.